ಪಶ್ಚಿಮದ ಕೋಣೆಯ ಸೆಕೆ

ಕಾರವಾರದ ಕೋಡಿಬಾಗ, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆ. ಒಂದೇ 3 ಟನ್ ಎಸಿ, ಫಾಲ್ಸ್ ಸೀಲಿಂಗ್ ಮೇಲೆ ಗಾಳಿ ಒಯ್ಯುವ ಕೊಳವೆ ಅಂದರೆ ಡಕ್ಟ್, ಕೆಳಗೆ ಹಾಲ್ ಮತ್ತು ಮೂರು ಕೋಣೆ. ಹಾಲ್‌ನಲ್ಲಿ ಕೂತವರಿಗೆ ಶಾಲು ಬೇಕು, ಪಶ್ಚಿಮದ ಕೋಣೆಯಲ್ಲಿ 30 ಡಿಗ್ರಿ.

"ಇನ್ನೂ ದೊಡ್ಡ ಮೆಷಿನ್ ಹಾಕ್ಬೇಕೇನೋ ತಮ್ಮಾ?" ಅಂದರು ಮನೆಯ ಅಕ್ಕ.

ಬೇಡ. ಫಿಲ್ಟರ್ ಚೊಕ್ಕವಾಗಿತ್ತು. ಹಾಲ್‌ನಲ್ಲಿ ತಂಪು ಗಾಳಿ ಬರುವ ಜಾಲರಿಯಲ್ಲಿ 14 ಡಿಗ್ರಿ, ಮೆಷಿನ್‌ಗೆ ವಾಪಸ್ ಹೋಗುವ ಗಾಳಿ 24. ಹತ್ತು ಡಿಗ್ರಿ ಅಂತರ ಇದ್ದರೆ ಮೆಷಿನ್ ತನ್ನ ಕೆಲಸ ಮಾಡುತ್ತಿದೆ, ತಪ್ಪಿರುವುದು ಹಂಚಿಕೆ.

ಟನ್ನಿಗೆ 350ರಿಂದ 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಲೆಕ್ಕ. ನಮ್ಮ ಕರಾವಳಿಗೆ 350 ಒಳ್ಳೆಯದು: ಮೆಷಿನ್ ಒಳಗಿನ ತಣ್ಣನೆಯ ಕೊಳವೆ ಸುರುಳಿ, ಅಂದರೆ ಕಾಯಿಲ್ ಮೇಲೆ ಗಾಳಿ ನಿಧಾನ ಹೋದರೆ ತೇವ ಹೆಚ್ಚು ಇಳಿಯುತ್ತದೆ. ಸೆಕೆ ಅಂತ ಫ್ಯಾನ್ ಸ್ಪೀಡ್ ಏರಿಸಿದರೆ ಕೋಣೆ ತಣ್ಣಗಾದರೂ ಮೈ ಅಂಟಂಟು.

ಪಶ್ಚಿಮದ ಕೋಣೆಯ ಜಾಲರಿ 18×6 ಇಂಚು. ಪಟ್ಟಿಗಳು ಮುಚ್ಚುವುದು ಕಳೆದರೆ ಗಾಳಿಗೆ ಸಿಗುವ ಜಾಗ ಸುಮಾರು 0.56 ಚದರ ಅಡಿ. ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಸೆಕೆಂಡಿಗೆ 0.7 ಮೀಟರ್ ತೋರಿಸಿತು, ಅಂದರೆ 80 ಸಿಎಫ್‌ಎಂ ಕೂಡ ಇಲ್ಲ. ಇಳಿಬಿಸಿಲು ಹೊಡೆಯುವ ಆ ಕೋಣೆಗೆ 250 ಆದರೂ ಬೇಕು. ಹಾಲ್ ಒಂದೇ 520 ಎಳೆದುಕೊಳ್ಳುತ್ತಿತ್ತು.

ಸೀಲಿಂಗ್ ಕಿಂಡಿಯಿಂದ ಟಾರ್ಚ್ ಬಿಟ್ಟರೆ ಕಂಡದ್ದು: ಫ್ಲೆಕ್ಸಿಬಲ್ ಡಕ್ಟ್ ಕೊನೆಯ ತಿರುವಿನಲ್ಲಿ ಮಡಚಿ, ಮಧ್ಯೆ ಜೋತು ಬಿದ್ದಿತ್ತು. ಹೆಚ್ಚಾದ ಉದ್ದ ಕತ್ತರಿಸಿ, ಬಿಗಿಯಾಗಿ ಎಳೆದು, ನಾಲ್ಕು ನಾಲ್ಕು ಅಡಿಗೊಂದು ಅಗಲ ಪಟ್ಟಿ ಕಟ್ಟಿದ್ದಾಯಿತು. ಸಪೂರ ತಂತಿ ಕಟ್ಟಬಾರದು, ಇನ್ಸುಲೇಷನ್ ಒತ್ತಿಹೋದ ಕಡೆ ಬೆವರಿ ಜಿಪ್ಸಮ್ ಸೀಲಿಂಗ್ ಮೇಲೆ ಹಳದಿ ಕಲೆ ಬೀಳುತ್ತದೆ.

ಆಮೇಲೆ ಹಾಲ್‌ನ ಡ್ಯಾಂಪರ್, ಅಂದರೆ ಡಕ್ಟ್ ಒಳಗೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ತಟ್ಟೆ. ಹಿಡಿ ಡಕ್ಟ್‌ನ ಉದ್ದಕ್ಕಿದ್ದರೆ ಪೂರ್ತಿ ತೆರೆದಿದೆ ಅಂತ ಅರ್ಥ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಹತ್ತು ನಿಮಿಷ ಬಿಟ್ಟು ಎಲ್ಲ ಕೋಣೆ ಮತ್ತೆ ಅಳೆಯಬೇಕು. ಒಂದು ಕಡೆ ಒತ್ತಿದರೆ ಮೂರು ಕಡೆ ಬದಲಾಗುತ್ತದೆ. ಮೂರನೇ ಒಂದು ಭಾಗ ಮುಚ್ಚಿದಾಗ ಸಾಕಾಯಿತು. ಅತಿಯಾಗಿ ಒತ್ತಿದರೆ ಒಟ್ಟು ಗಾಳಿಯೇ ಕುಸಿದು ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ, ಅದು ಕರಗಿದ ದಿನ ಹಾಲ್‌ನಲ್ಲಿ ಬಕೆಟ್ ಇಡಬೇಕು.

ಪಶ್ಚಿಮದ ಕೋಣೆಯಲ್ಲಿ ಈಗ ಸೆಕೆಂಡಿಗೆ 2.4 ಮೀಟರ್, ಬೇಕಿದ್ದ 250 ಸಿಎಫ್‌ಎಂ ದಾಟಿತು. ಅಕ್ಕ ಬಾಗಿಲು ಹಾಕಿದರು, 1.7ಕ್ಕೆ ಇಳಿಯಿತು.

ಹೆಚ್ಚಿನವರು ಮರೆಯುವುದು ಇದನ್ನೇ. ವಾಪಸ್ ಜಾಲರಿ ಇರುವುದು ಹಾಲ್‌ನಲ್ಲಿ ಮಾತ್ರ. ಒಳಗೆ ಹೋದ ಗಾಳಿಗೆ ಹೊರಬರಲು ಬಾಗಿಲಡಿಯ ಅರ್ಧ ಇಂಚು ಸಂದು. ಅಲ್ಲಿ ಸಲೀಸಾಗಿ ಹಾಯುವುದು 30 ಸಿಎಫ್‌ಎಂ ಆಸುಪಾಸು. ಬಡಗಿಯನ್ನು ಕರೆಸಿ ಬಾಗಿಲ ಕೆಳಭಾಗದಲ್ಲಿ 18×10 ಇಂಚಿನ ಜಾಲರಿ ಕೂರಿಸಿದ ಮೇಲೆ, ಬಾಗಿಲು ಹಾಕಿದರೂ 2.3 ನಿಂತಿತು.

ಡ್ಯಾಂಪರ್ ಹಿಡಿಯ ಜಾಗಕ್ಕೆ ಮಾರ್ಕರ್‌ನಲ್ಲಿ ಗೀಟು ಹಾಕಿಡಿ. ಕಾರವಾರಕ್ಕೆ ಒಂದೇ ಗೀಟು ಸಾಕು. ಶಿರಸಿ ಕಡೆ ಚಳಿಗಾಲದ ಬೆಳಿಗ್ಗೆ ಹೀಟಿಂಗ್ ಹಾಕುವವರಿಗೆ ಎರಡು ಬೇಕು: ಬಿಸಿ ಗಾಳಿ ಸೀಲಿಂಗ್‌ಗೇ ಅಂಟಿಕೊಳ್ಳುತ್ತದೆ, ಜಾಲರಿಯ ಪಟ್ಟಿ ಕೆಳಮುಖ ಮಾಡಿ ಮತ್ತೆ ಅಳೆಯಬೇಕು.