ಒಳಗೆ ಕಾಣದಿದ್ದರೂ ಯಾಕೆ ಕೊರೆಯಬೇಕು?

ಮರದ ಮೈಮೇಲೆ ಉಬ್ಬಿ ಬೆಳೆದ ಗಂಟಿನಿಂದ, ಲೇತ್ ಯಂತ್ರದಲ್ಲಿ ತಿರುಗಿಸಿ ಕಡೆದ ಕುಡಿಕೆಯನ್ನು ಯಾರ ಕೈಗೆ ಕೊಟ್ಟರೂ ಮೊದಲು ಅದರ ಹಗುರ ಕಂಡು ಬೆರಗಾಗುತ್ತಾರೆ. ಆಮೇಲೆ ಬಾಯೊಳಗೆ ಇಣುಕುತ್ತಾರೆ. ಬೆರಳೊಂದು ತೂರುವಷ್ಟೇ ಬಾಯಿ, ಒಳಗೆ ಬರೀ ಕತ್ತಲು. ಆಗ ಬರುತ್ತದೆ ಪ್ರಶ್ನೆ: "ಒಳಗಡೆ ಏನೂ ಕಾಣೋದೇ ಇಲ್ವಲ್ಲ, ಮೇಲೆ ಚೆಂದ ಮಾಡಿ ಹಾಗೇ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?" ಪರ್ತ್‌ನ ನಮ್ಮ ಮನೆಗೆ ಬರುವ ಕನ್ನಡದವರೂ ಇದನ್ನೇ ಕೇಳುತ್ತಾರೆ, ಊರಿನಿಂದ ವಾಟ್ಸಾಪಿನಲ್ಲಿ ಫೋಟೊ ನೋಡಿದವರೂ ಇದನ್ನೇ ಕೇಳುತ್ತಾರೆ.

ಆಗ್ತಿರಲಿಲ್ಲ. ಕೊರೆಯದೆ ಬಿಟ್ಟಿದ್ದರೆ ಅದು ಕೆಲವೇ ವಾರಗಳಲ್ಲಿ ಸೀಳು ಬಿಡುತ್ತಿತ್ತು.

ಹಸಿಮರ ಒಣಗುವಾಗ ಹೊರಗಿನ ಪದರ ಮೊದಲು ಒಣಗಿ ಕುಗ್ಗಲು ನೋಡುತ್ತದೆ. ಒಳಗಿನ ಭಾಗ ಇನ್ನೂ ನೀರು ಕುಡಿದುಕೊಂಡು ಹಿಗ್ಗಿಯೇ ಇರುತ್ತದೆ. ಊದಿಕೊಂಡ ಬೆರಳಿಗೆ ಬಿಗಿಯಾದ ಉಂಗುರದ ಹಾಗೆ ಹೊರಪದರ ಬಿಗಿಯುತ್ತದೆ, ಬೆರಳು ಬಗ್ಗದಿದ್ದಾಗ ಉಂಗುರವೇ ಒಡೆಯುತ್ತದೆ. ಒಳಗಿನದನ್ನು ತೆಗೆದುಬಿಟ್ಟರೆ ತಡೆಯುವುದು ಏನೂ ಇಲ್ಲ, ಉಳಿದ ತೆಳು ಗೋಡೆ ತನಗೆ ಬೇಕಾದ ಹಾಗೆ ಕುಗ್ಗಿ, ಸೊಟ್ಟಗಾಗಿ, ಸುಮ್ಮನಾಗುತ್ತದೆ.

ನಾನು ಹೆಚ್ಚಾಗಿ ಬಳಸುವುದು ಇಲ್ಲಿನ ಡಾರ್ಲಿಂಗ್ ಬೆಟ್ಟಸಾಲಿನ ಜಾರಾ ಮರದ ಗಂಟು. ಜಾರಾ ನೀಲಗಿರಿ ಮರದ ಕುಲಕ್ಕೇ ಸೇರಿದ್ದು. ಕಡಿದ ಹೊಸತರಲ್ಲಿ ಘನಮೀಟರಿಗೆ ಸುಮಾರು 1170 ಕಿಲೊ ತೂಗುತ್ತದೆ, ಅಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಒಣಗಿದ ಮೇಲೆ 820ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ನೀರು ಮರದಿಂದ ಹೊರಗೆ ಹೋಗಬೇಕು. ಸಾಮಾನ್ಯ ಜಾರಾ ಹಲಗೆಯಾದರೆ ವರ್ಷದ ಉಂಗುರಗಳ ಗುಂಟ ನೂರಕ್ಕೆ ಏಳರಷ್ಟು, ಅಡ್ಡಕ್ಕೆ ಐದರಷ್ಟು ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ. ಗಂಟಿನಲ್ಲಿ ಉದ್ದ, ಅಡ್ಡ ಅನ್ನುವುದೇ ಇಲ್ಲ. ಏನೋ ಒತ್ತಡಕ್ಕೋ ಗಾಯಕ್ಕೋ ಸಿಕ್ಕಿ, ಚಿಗುರಲಾಗದ ಸಾವಿರಾರು ಮೊಗ್ಗುಗಳು ಒಂದೇ ಕಡೆ ಗುಂಪುಗಟ್ಟಿ, ಅವುಗಳ ಸುತ್ತ ಎಳೆಗಳು ಸುಳಿ ಸುಳಿಯಾಗಿ ಬೆಳೆದಿರುತ್ತವೆ. ಮೇಲೆ ಕಾಣುವ ಸಣ್ಣ ಸಣ್ಣ ಕಣ್ಣುಗಳು ಆ ಮೊಗ್ಗುಗಳ ಗುರುತು. ಹಾಗಾಗಿ ಪಾತ್ರೆ ಒಂದೇ ದಿಕ್ಕಿಗೆ ಎಳೆದುಕೊಂಡು ಮೊಟ್ಟೆಯಾಕಾರ ಆಗುವುದಿಲ್ಲ. ಎಲ್ಲ ಕಡೆ ಚೂರು ಚೂರು ಕುಗ್ಗುತ್ತದೆ, ಮೈಮೇಲೆ ಸಣ್ಣ ಅಲೆ ಏಳುತ್ತದೆ. ಆ ಅಲೆಯನ್ನು ತೀಡಿ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಬೆರಳಾಡಿಸಿದರೆ ಸಿಗುವ ಸುಖವೇ ಅದರದ್ದು.

ಇನ್ನು ಕೊರೆಯುವುದು ಹೇಗೆ? ಹೊರಗಿನ ಆಕಾರ ಮೊದಲು. ತಳದಲ್ಲಿ ಚಕ್, ಅಂದರೆ ಮರವನ್ನು ಹಿಡಿದು ತಿರುಗಿಸುವ ಲೇತ್‌ನ ದವಡೆ, ಕಚ್ಚಿ ಹಿಡಿಯಲು ಒಂದು ಗಿಡ್ಡ ದಿಂಡು ಬಿಟ್ಟುಕೊಂಡು, ಬಾಯಿಯ ನಡುವಿನಿಂದ ನೇರ ಒಂದು ತೂತು ಕೊರೆಯುತ್ತೇನೆ. ಎಷ್ಟು ಆಳ ಅನ್ನುವುದಕ್ಕೆ ಡ್ರಿಲ್ ಬಿಟ್‌ಗೆ ಸುತ್ತಿದ ಟೇಪೇ ಗುರುತು. ಅಲ್ಲಿಂದ ಮುಂದೆ ಉಳಿಯ ತುದಿ ಕಣ್ಣಿಗೆ ಕಾಣುವುದಿಲ್ಲ. ಬಾಯಿಯ ನೇರಕ್ಕೆ ಇರುವ ಮರವನ್ನು ನೆಟ್ಟನೆ ಉಳಿ ತೆಗೆಯುತ್ತದೆ. ಕುಡಿಕೆಯ ಭುಜ, ಅಂದರೆ ಬಾಯಿಯ ಕೆಳಗೆ ಅಗಲವಾಗುವ ಭಾಗ, ಅದರ ಒಳಗಿನದಕ್ಕೆ ಕೊಕ್ಕೆಯಂತೆ ಬಾಗಿದ ಉಳಿ ಬೇಕು. ಬಾಗಿದ ಉಳಿಯ ತುದಿ ಕಂಬಿಯ ನೇರದಿಂದ ಪಕ್ಕಕ್ಕಿರುವುದರಿಂದ, ಮರ ತಾಗಿದ ಕೂಡಲೇ ಅದು ಕೈಯಲ್ಲಿ ತಿರುಚಿಕೊಳ್ಳುತ್ತದೆ. ಬಾಗು ಪೂರ್ತಿ ಪಾತ್ರೆಯೊಳಗೆ ಹೋಗಿ, ನೇರ ಭಾಗ ಟೂಲ್ ರೆಸ್ಟ್ ಮೇಲೆ, ಅಂದರೆ ಉಳಿಯನ್ನು ಊರುವ ಆಸರೆಯ ಮೇಲೆ, ಕೂತ ನಂತರವೇ ಕಡೆಯಲು ಶುರುಮಾಡಬೇಕು. ಈ ಒಂದು ಮಾತನ್ನು ಕಲಿಯಲು ಬಂದವರಿಗೆ ನಾನು ಬೇಸರವಾಗುವಷ್ಟು ಸಲ ಹೇಳುತ್ತೇನೆ.

ಮೇಲಿನಿಂದ ಕೆಳಗೆ ಇಳಿಯಬೇಕು, ಸ್ವಲ್ಪ ಸ್ವಲ್ಪವೇ. ಭುಜದ ಭಾಗವನ್ನು ಬೇಕಾದ ದಪ್ಪಕ್ಕೆ ತಂದು ಮುಗಿಸಿ, ಆಮೇಲೆ ಕೆಳಗೆ. ಕೆಳಗಿನದನ್ನು ಖಾಲಿ ಮಾಡಿ ಮತ್ತೆ ಮೇಲೆ ಬಂದರೆ ತೆಳು ಗೋಡೆಗೆ ಆಸರೆ ಇಲ್ಲದೆ ನಡುಗುತ್ತದೆ. ಕಡೆದ ಚೂರು ಸಣ್ಣ ಬಾಯಿಯಿಂದ ತಾನಾಗಿ ಹೊರಗೆ ಬರುವುದಿಲ್ಲ. ಮೇಲಿಂದ ಮೇಲೆ ಲೇತ್ ನಿಲ್ಲಿಸಿ ಗಾಳಿ ಊದಿ ತೆಗೆಯಬೇಕು, ಇಲ್ಲದಿದ್ದರೆ ಉಳಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಟಿನೊಳಗೆ ತೊಗಟೆ, ಪೊಳ್ಳು ಬೇರೆ ಇರುತ್ತವೆ. ಅಂಥದೊಂದು ಚೂರು ಸಿಡಿದು ಬಂದರೆ ಕನ್ನಡಕ ಸಾಲದು, ಮುಖ ಪೂರ್ತಿ ಮುಚ್ಚುವ ಕವಚವೇ ಬೇಕು.

ದಪ್ಪ ಅಳೆಯಲು ದುಬಾರಿ ಲೇಸರ್ ಸಾಧನಗಳಿವೆ. ನನ್ನ ಬಳಿ ಇರುವುದು ಬಗ್ಗಿಸಿದ ದಪ್ಪ ತಂತಿ. ಒಂದು ತುದಿ ಒಳಗೆ, ಇನ್ನೊಂದು ಹೊರಗೆ. ಒಳತುದಿಯನ್ನು ಗೋಡೆಗೆ ಒತ್ತಿ ಹಿಡಿದಾಗ ಹೊರತುದಿಗೂ ಮರಕ್ಕೂ ನಡುವೆ ಎಷ್ಟು ಸಂದಿ ಉಳಿಯುತ್ತದೋ ಅದರಿಂದ ದಪ್ಪ ತಿಳಿಯುತ್ತದೆ. ಜೊತೆಗೆ ಕಿವಿ. ಗೋಡೆ ತೆಳುವಾದಂತೆ ಉಳಿಯ ಸದ್ದು ಬದಲಾಗುತ್ತದೆ. ಐದಾರು ಮಿಲಿಮೀಟರ್ ನನಗೆ ಸಾಕು. ಇನ್ನೂ ತೆಳು ಮಾಡಿ ಜಂಬಪಡುವವರಿದ್ದಾರೆ, ಅದರಲ್ಲಿ ನನಗೆ ಆಸಕ್ತಿಯಿಲ್ಲ. ತೆಳುವಿಗಿಂತ ಸಮ ಮುಖ್ಯ. ತಳ ದಪ್ಪ, ಪಕ್ಕ ತೆಳು ಆದರೆ ಎರಡೂ ಬೇರೆ ಬೇರೆ ವೇಗದಲ್ಲಿ ಒಣಗಿ, ಅವು ಕೂಡುವ ಜಾಗದಲ್ಲೇ ಸೀಳು ಬೀಳುತ್ತದೆ. ಕಾಣದ ಒಳಮೈ ಹೊರಮೈಯನ್ನೇ ಅನುಸರಿಸಿ ಹೋಗಬೇಕು ಅನ್ನುವುದು ಇದಕ್ಕೇ. ಆಮೇಲೆ ಅದನ್ನು ಅದರದ್ದೇ ಹೊಟ್ಟಿನ ಜೊತೆ ಕಾಗದದ ಚೀಲಕ್ಕೆ ಹಾಕಿಡುತ್ತೇನೆ. ಅಡುಗೆಮನೆ ತಕ್ಕಡಿಯಲ್ಲಿ ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಎಣ್ಣೆ.

ಈ ಕೆಲಸಕ್ಕೆ ದಾರಿ ಮಾಡಿದವರು ಬಹುಮಟ್ಟಿಗೆ ಅಮೆರಿಕದವರು. ಜನರಲ್ ಎಲೆಕ್ಟ್ರಿಕ್‌ನಲ್ಲಿ ದುಡಿಯುತ್ತಿದ್ದ ಮೆಲ್ವಿನ್ ಲಿಂಡ್‌ಕ್ವಿಸ್ಟ್ ಕಾರ್ಖಾನೆಯ ಕೊರೆಯುವ ವಿದ್ಯೆಯನ್ನು ಮರಕ್ಕೆ ತಂದರು. ಅವರೂ ಮಗ ಮಾರ್ಕ್ ಕೂಡ ಕಸವೆಂದು ಬಿಸಾಡುತ್ತಿದ್ದ ಗಂಟಿನ ಮರವನ್ನೇ ಹುಡುಕಿ ಹೋದರು. ಡೇವಿಡ್ ಎಲ್ಸ್‌ವರ್ತ್ 1970ರ ದಶಕದಲ್ಲಿ ಬಾಗಿದ ಉಳಿಗಳನ್ನು ತಾವೇ ಮಾಡಿಕೊಂಡು, ಸಣ್ಣ ಬಾಯಿಯ ತೆಳು ಪಾತ್ರೆಗಳನ್ನು ಕಡೆದರು. ನಮ್ಮ ಚನ್ನಪಟ್ಟಣದವರದು ಬೇರೆಯೇ ದಾರಿ. ಅವರಿಗೆ ಬೇಕಾದದ್ದು ಬಿಳಿಯ, ನಯವಾದ, ಚೆನ್ನಾಗಿ ಒಣಗಿದ ಹಾಲೆ ಮರ, ಅರಗಿನ ಬಣ್ಣ ಹೊಳೆಯಬೇಕಾದ ಕೆಲಸ ಅದು. ಗಂಟು ಕಂಡರೆ ಅವರು ಪಕ್ಕಕ್ಕಿಡುವುದು ಸರಿಯೇ.

ಒಳಗಿನ ಮರವೆಲ್ಲ ಹೊಟ್ಟಾಗಿ ಹೋಯಿತಲ್ಲ ಎಂದು ನೊಂದುಕೊಳ್ಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಆರಂಭದಿಂದ ಪಶ್ಚಿಮ ಆಸ್ಟ್ರೇಲಿಯದ ಸರ್ಕಾರಿ ಕಾಡುಗಳಲ್ಲಿ ಮರಮುಟ್ಟಿಗಾಗಿ ದೊಡ್ಡ ಪ್ರಮಾಣದಲ್ಲಿ ಕಡಿಯುವುದು ನಿಂತಿದೆ, ನಿಲ್ಲಬೇಕಾದದ್ದೇ. ಒಂದು ಗಂಟು ಇಷ್ಟಾಗಲು ಎಷ್ಟೋ ದಶಕ ಬೇಕು. ಅದಕ್ಕೇ ಗಟ್ಟಿಯಾದ ದೊಡ್ಡ ಗಂಟು ಸಿಕ್ಕರೆ ನಾನು ಕುಡಿಕೆ ಮಾಡುವುದಿಲ್ಲ. ಬಾಗಿದ ಅಲಗಿನಿಂದ ಒಂದರೊಳಗೊಂದು ಬಟ್ಟಲುಗಳನ್ನು ಬಿಡಿಸಿಕೊಂಡರೆ ವ್ಯರ್ಥವಾಗುವುದು ಕಡಿಮೆ. ಬಟ್ಟಲಿಗೆ ಸಾಲದ ಸಣ್ಣವು ಮಾತ್ರ ಕುಡಿಕೆಗೆ.

ಹೂವು ಇಡಬಹುದಾ ಎಂದರೆ, ಒಣಹೂವು ಇಡಬಹುದು. ನೀರು ಹಾಕಬೇಡಿ, ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಒಳಗೂ ಉಪ್ಪುಕಾಗದ ಹಾಕುತ್ತೀರಾ ಎಂದರೆ, ಬೆರಳು ತಲುಪುವ ತನಕ ಹಾಕುತ್ತೇನೆ, ಅದರಾಚೆ ಉಳಿಯ ಗೆರೆಗಳು ಹಾಗೇ ಇರುತ್ತವೆ.