ನಮ್ಮ ಬೀದಿ ನೀರಿನ ವಾಲ್ವ್ ಎಲ್ಲಿದೆ?

2020ರ ಡಿಸೆಂಬರ್. ಚಳ್ಳಕೆರೆ ತಾಲ್ಲೂಕಿನ ನಮ್ಮೂರಲ್ಲಿ ಶೇಂಗಾ ಕಿತ್ತು ಮುಗಿದಿತ್ತು. ಅವತ್ತು ಭಾನುವಾರ. ಜಗಲಿ ಮೇಲೆ ಅತ್ತೆ, ನಾನು, ಪಕ್ಕದ ಮನೆ ಅಕ್ಕ ಮೂವರೂ ಮನೆಗೆ ಇಟ್ಟುಕೊಂಡ ಕಾಯಿ ಸುಲಿಯುತ್ತಾ ಕೂತಿದ್ದೆವು. ಬೆಳಿಗ್ಗೆಯಿಂದ ಓಟು ಕೇಳುವವರು ಬರುತ್ತಲೇ ಇದ್ದರು. ಕೈಗೆ ಒಂದು ಚೀಟಿ, ಒಂದು ನಮಸ್ಕಾರ, "ಈ ಸಲ ನಮ್ಮ ಕಡೆ ನೋಡಿ ಅಕ್ಕಾ" ಅನ್ನೋ ಮಾತು.

ಆ ವರ್ಷ ಕೊರೊನಾ ಬಂದು ಪಂಚಾಯ್ತಿ ಚುನಾವಣೆ ತಡವಾಗಿತ್ತು. ಹಳೇ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರು. ಮೋಟರ್ ಸುಟ್ಟರೆ ಯಾರ ಬಾಗಿಲು ತಟ್ಟಬೇಕು ಅಂತ ನಮಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಲ ನಮ್ಮ ಬೀದಿಗೆ ಹನ್ನೊಂದು ದಿನ ನಲ್ಲಿ ನೀರು ಬರಲಿಲ್ಲ. ಶುದ್ಧ ನೀರಿನ ಘಟಕವೂ ಕೆಟ್ಟು ನಿಂತಿತ್ತು. ತೋಟದ ಬೋರಿನಿಂದ ನೀರು ಹೊತ್ತೆವು. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನನ್ನ ಮಗ ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಕಾಣುತ್ತದೆ. ಫೋಟೋ ತೆಗೆಯುವಾಗ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಆ ಸಲ ಒಂದು ತೀರ್ಮಾನ ಮಾಡಿದ್ದೆ. ಯಾರೇ ಬಂದರೂ ಒಂದೇ ಪ್ರಶ್ನೆ ಕೇಳಬೇಕು. ನಮ್ಮ ಬೀದಿಗೆ ನೀರು ಬಿಡೋ ವಾಲ್ವ್ ಎಲ್ಲಿದೆ?

ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ಗ್ರಾಮ ಪಂಚಾಯ್ತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ನಾನೂರು ಜನ ಅಂದರೆ ನಮ್ಮೂರಲ್ಲಿ ಎರಡು ಬೀದಿ, ಅಷ್ಟೇ. ಎಮ್ಮೆಲ್ಲೆಗೆ ನಮ್ಮ ವಾಲ್ವ್ ಗೊತ್ತಿಲ್ಲದಿದ್ದರೆ ಕೇಳೋದು ತಪ್ಪು. ಎರಡು ಬೀದಿ ಸದಸ್ಯನಿಗೆ ಗೊತ್ತಿಲ್ಲದಿದ್ದರೆ ಸುಮ್ನೆ ಬಿಡೋದು ತಪ್ಪು. ಈ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೂ ಇರೋದಿಲ್ಲ. ಮನುಷ್ಯನನ್ನೇ ನೋಡಿ ಓಟು ಹಾಕಲಿ ಅಂತ ತಾನೇ ಹಾಗೆ ಮಾಡಿರೋದು? ಆದರೂ ನಮ್ಮಲ್ಲಿ ಮೊದಲು ಕೇಳೋದು "ಅವ್ರು ಯಾವ ಕಡೆಯವರು, ಯಾರ ಪೈಕಿ" ಅಂತಲೇ.

ಮೊದಲು ಬಂದವರು ಹಿಂದೆ ಸದಸ್ಯರಾಗಿದ್ದವರು. ಪ್ರಶ್ನೆ ಕೇಳಿದೆ. "ಅದನ್ನೆಲ್ಲಾ ನೀರುಗಂಟಿ ನೋಡ್ಕೋತಾನಮ್ಮ, ನೀನ್ಯಾಕೆ ತಲೆ ಕೆಡಿಸ್ಕೋತೀಯ" ಅಂದರು. ಐದು ವರ್ಷ ಆ ಖುರ್ಚಿಯಲ್ಲಿ ಕೂತವರು. ನಾನು ಮುಂದೆ ಮಾತಾಡಲಿಲ್ಲ.

ಆಮೇಲೆ ಗಂಡ ಹೆಂಡತಿ ಬಂದರು. ನಿಂತಿದ್ದದ್ದು ಹೆಂಡತಿ, ಮಾತೆಲ್ಲಾ ಗಂಡನದು. "ಹೆಸರಿಗೆ ಅವಳು, ಕೆಲಸ ಎಲ್ಲಾ ನಾನೇ ಮಾಡ್ತೀನಿ" ಅಂದರು. ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಅಂತ ಇಟ್ಟಿರೋದು ಇದಕ್ಕಾ ಅನ್ನಿಸಿತು.

"ಅಣ್ಣಾ, ಅವ್ರೇ ಹೇಳ್ಲಿ ಬಿಡಿ" ಅಂದೆ.

ಆಕೆ ಸೆರಗು ಸರಿ ಮಾಡಿಕೊಂಡು ಗಂಡನ ಮುಖ ಒಮ್ಮೆ ನೋಡಿದರು. ಆಮೇಲೆ ನಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಮೊರದಿಂದ ನಾಲ್ಕು ಕಾಯಿ ಕೈಗೆ ತಗೊಂಡು ಸುಲಿಯುತ್ತಾ ಹೇಳಿದರು. "ಟ್ಯಾಂಕಿನ ಹಿಂದೆ ಒಂದಿದೆ, ಅರಳಿಕಟ್ಟೆ ಹತ್ರ ಇನ್ನೊಂದು. ನಿಮ್ಮದು ಅರಳಿಕಟ್ಟೆದು. ಅದರ ಥ್ರೆಡ್ ಸವೆದುಹೋಗಿದೆ ಕಣಕ್ಕಾ, ಅರ್ಧಕ್ಕಿಂತ ಜಾಸ್ತಿ ತಿರುಗಲ್ಲ. ಅದಕ್ಕೇ ಕೊನೇ ನಾಲ್ಕು ಮನೆಗೆ ನೀರು ಹತ್ತಲ್ಲ. ನಾನೂ ಅಲ್ಲಿಂದಾನೇ ತಾನೇ ಹೊರೋದು?"

ಆಕೆಯ ಬಲಗೈ ಮಣಿಕಟ್ಟಿನ ಹತ್ತಿರ ಕೊಡದ ಕಂಠ ಒತ್ತಿ ಒತ್ತಿ ಆದ ಕಪ್ಪು ಗೆರೆ ಇತ್ತು. ನನಗೂ ಅಲ್ಲೇ ಇದೆ. "ಗೆದ್ದರೆ ಸಭೆಗೆ ನೀವೇ ಬರಬೇಕು, ಅಣ್ಣನ್ನ ಕಳಿಸಬಾರದು" ಅಂದೆ. "ಬರ್ತೀನಿ" ಅಂದರು. ಗಂಡ ಏನೂ ಹೇಳಲಿಲ್ಲ.

ಮಧ್ಯಾಹ್ನ ಒಬ್ಬ ಹುಡುಗ ಬಂದ. ಬೆಂಗಳೂರಲ್ಲಿ ಕೆಲಸದಲ್ಲಿದ್ದು ಲಾಕ್‌ಡೌನ್‌ನಲ್ಲಿ ಊರಿಗೆ ವಾಪಸ್ ಬಂದವನು. ಪ್ರಶ್ನೆಗೆ "ಗೊತ್ತಿಲ್ಲ ಅಕ್ಕಾ, ನಾಳೆ ತಿಳ್ಕೊಂಡು ಬರ್ತೀನಿ" ಅಂದ. ಇಂಥಾ ಮಾತು ಎಷ್ಟು ಕೇಳಿಲ್ಲ ನಾವು. ಆದರೆ ಮಾರನೇ ದಿನ ದೀಪ ಹಚ್ಚೋ ಹೊತ್ತಿಗೆ ಬಂದೇ ಬಿಟ್ಟ, ಚಪ್ಪಲಿ ತುಂಬಾ ಕೆಸರು. ನೀರುಗಂಟಿ ಜೊತೆ ಸುತ್ತಾಡಿ, ಎರಡೂ ವಾಲ್ವಿನ ಫೋಟೋ ಮೊಬೈಲಲ್ಲಿ ತೆಗೆದುಕೊಂಡಿದ್ದ. ಹೊಸದು ಹಾಕಿಸೋಕೆ ಹಣಕಾಸು ಆಯೋಗದ ಅನುದಾನದಲ್ಲಿ ನೀರಿಗೆ ಅಂತಲೇ ಒಂದು ಪಾಲು ಇದೆ, ಗ್ರಾಮ ಸಭೆಯಲ್ಲಿ ಕೇಳಬೇಕು ಅಂತಾನೂ ತಿಳಿದುಕೊಂಡಿದ್ದ. ಗೊತ್ತಿಲ್ಲ ಅಂತ ಒಪ್ಪಿಕೊಂಡು, ತಿಳಿದುಕೊಂಡು ವಾಪಸ್ ಬರೋದು ನನಗೆ ದೊಡ್ಡದಾಗಿ ಕಂಡಿತು. ಈಗಲೂ ಹಾಗೇ ಕಾಣುತ್ತದೆ.

ಕಷ್ಟ ಆಗಿದ್ದು ಇನ್ನೊಬ್ಬರ ವಿಷಯದಲ್ಲಿ. ಅವರು ನಮ್ಮ ಮನೆಯವರ ದೂರದ ಸಂಬಂಧಿ. ಪ್ರಶ್ನೆಗೆ ಸುಮ್ಮನೆ ನಕ್ಕು ಹೋಗಿದ್ದರು. ರಾತ್ರಿ ಅವರ ಕಡೆಯವರು ಬಂದು ಅತ್ತೆಗೆ ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ ಮುಟ್ಟಿಸಿ ಮಾತು ತಗೊಂಡಿದ್ದರು. ನನಗೆ ಬೆಳಿಗ್ಗೆ ಗೊತ್ತಾಯಿತು.

"ಅವರಿಗೇ ಹಾಕಬೇಕು ಕಣಮ್ಮ. ಉಂಡ ಮನೆಗೆ ಎರಡು ಬಗೆಯಬಾರದು" ಅಂದರು ಅತ್ತೆ.

ಸೀರೆ ಕೊಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಹಣದಾಸೆಗಿಂತ ಮಾತಿಗೆ ಹೆದರುವ ಹಿರಿಯರನ್ನೇ ಹುಡುಕಿಕೊಂಡು ಬರುತ್ತಾರೆ. ನನಗೆ ಸಿಟ್ಟು ಬಂದಿದ್ದು ಅದಕ್ಕೆ. ಅತ್ತೆಯ ಒಳ್ಳೇತನವನ್ನೇ ಹಿಡಿದು ಕಟ್ಟಿಹಾಕಿದ್ದರು. ಅವರ ಜೊತೆ ನಾನು ವಾದ ಮಾಡಲಿಲ್ಲ. "ಅತ್ತೆ, ಆ ಹನ್ನೊಂದು ದಿನ ಮಂಡಿ ನೋವಿಟ್ಕೊಂಡು ನೀವೂ ನೀರು ಹೊತ್ರಲ್ಲಾ, ಆಗ ಇವ್ರು ಒಂದು ಸಲ ಬಂದ್ರಾ?" ಅಂತಷ್ಟೇ ಕೇಳಿದೆ. ಮನೆಯವರು "ಸಂಬಂಧ ಕೆಡಿಸ್ಬೇಡ" ಅಂತ ಗೊಣಗಿದರು. ಅತ್ತೆ ಅವತ್ತೆಲ್ಲಾ ಮಾತಾಡಲಿಲ್ಲ.

ಓಟಿನ ಹಿಂದಿನ ದಿನ ಸಂಜೆ ಅವರೇ ಎದ್ದರು. ಮಡಿಕೆ ಮುರಿಯದ ಆ ಸೀರೆಯನ್ನು ಕವರಿನಲ್ಲಿ ಹಾಕಿಕೊಂಡು, ಕೋಲೂರಿಕೊಂಡು ಹೊರಟರು. ನಾನು ಜೊತೆಗೆ ಹೋದೆ. ಅವರ ಮನೆ ಬಾಗಿಲಲ್ಲಿ ನಿಂತು "ತಗೊಂಡಿದ್ದನ್ನ ವಾಪಸ್ ಕೊಟ್ಟಿದೀನಪ್ಪ. ಇನ್ನು ಮಾತಿನ ಋಣ ಇಲ್ಲ" ಅಂದರು. ಒಳಗಿಂದ ಯಾರೋ ಏನೋ ಅಂದರು. ಅತ್ತೆ ತಿರುಗಿ ನೋಡಲಿಲ್ಲ.

ನಮ್ಮ ಕ್ಷೇತ್ರದಲ್ಲಿ ಮೂರು ಸ್ಥಾನ, ಒಬ್ಬೊಬ್ಬರಿಗೆ ಮೂರು ಮತ. ಬೂತಿನಲ್ಲಿ ಮತಪತ್ರ ಬಿಡಿಸಿ ಆಕೆಗೆ ಒಂದು ಮೊಹರು ಒತ್ತಿದೆ, ಹುಡುಗನಿಗೆ ಒಂದು. ಮೂರನೆಯದಕ್ಕೆ ಮೊಹರು ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಉಳಿದವರಲ್ಲಿ ಯಾರಿಗೂ ಕೈ ಹೋಗಲಿಲ್ಲ. ಹಾಗೇ ಮಡಚಿ ಡಬ್ಬಿಗೆ ಹಾಕಿದೆ.

30ಕ್ಕೆ ಎಣಿಕೆ ಆಯಿತು. ಆಕೆ ಗೆದ್ದರು. ಹುಡುಗ ಸ್ವಲ್ಪದರಲ್ಲಿ ಸೋತ. ಸಂಜೆ ನೀರಿಗೆ ಹೋದಾಗ ಅರಳಿಕಟ್ಟೆ ಹತ್ತಿರ ಅವನು ಸಿಕ್ಕಿದ, ಮುಖ ಬಾಡಿತ್ತು. ನಾನು ಏನಾದರೂ ಹೇಳೋ ಮೊದಲೇ ಅತ್ತೆ ಕೂಗಿ ಕರೆದರು. "ಆ ಫೋಟೋ ಅಳಿಸ್ಬೇಡ ಕಣಪ್ಪಾ. ಗ್ರಾಮ ಸಭೆಗೆ ತಗೊಂಡ್ ಬಾ. ನಾವೂ ಬರ್ತೀವಿ."