ಮೂರು ಅಲಗಿನ ಚಾಕು, ಅದರಲ್ಲಿ ಒಂದು ಕಸಿಗೆ ಮೀಸಲು

ಮಡಚುವ ಚಾಕುವಿಗೆ ಒಂದೇ ಅಲಗು ಸಾಕು ಅನ್ನುವವರೇ ಜಾಸ್ತಿ. ನನಗೆ ಸಾಲುವುದಿಲ್ಲ. ಬೆಳಿಗ್ಗೆ ತೋಟಕ್ಕೆ ಇಳಿದರೆ ಬಾಳೆಪಟ್ಟೆ ಸೀಳುವುದು, ಸ್ಪ್ರಿಂಕ್ಲರ್ ಪೈಪು ಕೊಯ್ಯುವುದು, ಗೊಬ್ಬರದ ಚೀಲ ಬಿಚ್ಚುವುದು, ಹೀಗೆ ಒಂದಲ್ಲ ಒಂದು ಇರುತ್ತದೆ. ಪೈಪಿಗೆ ಮೆತ್ತಿದ ಮಣ್ಣು ತಾಗಿದರೆ ಚಾಕುವಿನ ಬಾಯಿ ಹೋಯಿತು ಅಂತಲೇ ಲೆಕ್ಕ. ಆಮೇಲೆ ಅದೇ ಅಲಗು ಹಿಡಿದು ಉಪ್ಪಿನಕಾಯಿ ಮಾವು ಅಪ್ಪೆಮಿಡಿಯ ಕಸಿ ಕಟ್ಟಲು ಕೂತರೆ, ಸಸಿಗೆ ಕೂಡಿಸುವ ಕಡ್ಡಿಯನ್ನು ಅದು ಕೊಯ್ಯುವುದಿಲ್ಲ, ಜಜ್ಜುತ್ತದೆ.

ಅದಕ್ಕೇ ನಾನು ಸ್ಟಾಕ್‌ಮನ್ ಚಾಕುವಿಗೆ ಬಿದ್ದದ್ದು. ಅಮೆರಿಕದಲ್ಲಿ ದನಕರು ಸಾಕುವವರ ಕಿಸೆಗೆ ಅಂತಲೇ ಬಂದ ಮಾದರಿ ಇದು. ಮಡಚಿದರೆ ಮೂರೂವರೆ, ನಾಲ್ಕು ಇಂಚು. ಒಳಗೆ ಮೂರು ಅಲಗು. ದೊಡ್ಡದು ಕ್ಲಿಪ್, ತುದಿ ಚೂಪು. ಎರಡನೆಯದು ಶೀಪ್ಸ್‌ಫೂಟ್, ಬಾಯಿ ಪೂರ್ತಿ ನೇರ, ಬೆನ್ನು ಮುಂದೆ ಬಾಗಿ ಬಂದು ಬಾಯಿಗೆ ಸೇರುತ್ತದೆ, ಚುಚ್ಚುವ ಮೊನೆ ಇಲ್ಲ. ಮೂರನೆಯದು ಸ್ಪೇ, ಮೊಂಡು ತುದಿ, ಮುಂದೆ ಗುಂಡಗೆ ಬಂದ ಬಾಯಿ. ಇದು ಹೋರಿಗರುಗಳ ಬೀಜ ಕೊಯ್ದು ತೆಗೆಯಲು ಮಾಡಿದ್ದು. ಕೊಯ್ಯುವಾಗ ಬೇರೆಲ್ಲೋ ಚುಚ್ಚಬಾರದು ಅಂತ ತುದಿ ಮೊಂಡು. ನಮ್ಮಲ್ಲಿ ಆ ಕೆಲಸಕ್ಕೆ ದನದ ಡಾಕ್ಟರು ಹೊರಗಿನಿಂದಲೇ ಬೀಜದ ನರ ಹಿಸುಕುವ ಬುರ್ಡಿಝೋ ಇಕ್ಕಳ ತರುತ್ತಾರೆ, ಕೊಯ್ಯುವ ಮಾತೇ ಇಲ್ಲ. ಹಾಗಾಗಿ ನನ್ನ ಸ್ಪೇ ಅಲಗು ಚೀಲ ಬಿಚ್ಚುತ್ತದೆ, ಕಾಳುಮೆಣಸಿನ ಬಳ್ಳಿ ಕಟ್ಟಿದ ಹಗ್ಗ ಕೊಯ್ಯುತ್ತದೆ. ಬಳ್ಳಿಗೆ ಗಾಯ ಆಗುವುದಿಲ್ಲ. ಒರಟು ಕೆಲಸವೆಲ್ಲ ಕ್ಲಿಪ್ ಅಲಗಿಗೆ. ಶೀಪ್ಸ್‌ಫೂಟ್ ಮಾತ್ರ ಕಸಿಗೆ ಮೀಸಲು. ಅದರಲ್ಲಿ ಯಾರಿಗೂ ಹಲಸಿನಹಣ್ಣು ಕೊಯ್ಯಲು ಕೊಡುವುದಿಲ್ಲ, ನೆಂಟರಿಗೂ.

ನೇರ ಬಾಯಿ ಯಾಕೆ ಬೇಕು ಅನ್ನುವುದು ಕಸಿ ಕಟ್ಟಿದವರಿಗೆ ಗೊತ್ತು. ಕಡ್ಡಿ ತೆಗೆಯುವುದಕ್ಕೆ ವಾರ, ಹತ್ತು ದಿನ ಮೊದಲೇ ಮರದಲ್ಲಿ ಅದರ ಎಲೆ ಸವರಿ ಬಿಟ್ಟಿರುತ್ತೇವೆ. ತುದಿಯ ಮೊಗ್ಗು ಉಬ್ಬಿದಾಗ ಕೊಯ್ದು ತರುವುದು. ಪೆನ್ಸಿಲ್ ದಪ್ಪದ ಕಡ್ಡಿ. ಅದರ ಬುಡವನ್ನು ಎರಡು ಬದಿಯಿಂದಲೂ ಇಳಿಜಾರಾಗಿ ಕೆತ್ತಿ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಬೆಣೆ ಮಾಡಬೇಕು. ಒಂದು ಬದಿಗೆ ಒಂದೇ ಎಳೆತ. ಚಾಕು ನಡುವೆ ನಿಂತರೆ ಅಲ್ಲೊಂದು ಮೆಟ್ಟಿಲು ಬೀಳುತ್ತದೆ. ಬಾಯಿ ಬಾಗಿದ್ದರೆ ಕೊಯ್ದ ಮೈ ನಡುವೆ ತಗ್ಗಾಗುತ್ತದೆ. ಸಸಿಯ ಸೀಳಿನೊಳಗೆ ಬೆಣೆ ಇಳಿಸಿದಾಗ ಆ ತಗ್ಗಿನಲ್ಲಿ ಗಾಳಿ ಉಳಿಯುತ್ತದೆ, ಮಳೆಗಾಲದಲ್ಲಿ ಗಾಳಿ ಉಳಿದಲ್ಲಿ ನೀರು, ನೀರಿನ ಹಿಂದೆ ಬೂಷ್ಟು. ಸರಿಯಾಗಿ ಕೊಯ್ದ ಮೈ ಹೊಳೆಯುತ್ತದೆ. ಕಣ್ಣೆದುರೇ ಅಂಚಿನಲ್ಲಿ ಸೊನೆ ಸಣ್ಣ ಸಣ್ಣ ಹನಿ ಕಟ್ಟುತ್ತದೆ, ಉಪ್ಪಿನಕಾಯಿ ಭರಣಿಯ ವಾಸನೆ ಬೆರಳಿಗೆ ಹತ್ತುತ್ತದೆ. ಆ ಸೊನೆ ಒಣಗುವ ಮೊದಲೇ ಕಡ್ಡಿಯ ತೊಗಟೆ, ಸಸಿಯ ತೊಗಟೆ ಒಂದು ಬದಿಯಲ್ಲಾದರೂ ಕೂಡಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು.

ಕಸಿಗೆಂದೇ ಒಂದೇ ಬದಿ ಮಸೆದ ಚಾಕು ಸಿಗುತ್ತದಲ್ಲ ಅಂತ ಕೇಳಬಹುದು. ಸಿಗುತ್ತದೆ. ನರ್ಸರಿ ಇಟ್ಟು ಸಾಲುಸಾಲು ಗಿಡ ಕಟ್ಟುವವರು ಅದನ್ನೇ ಕೊಳ್ಳಲಿ. ನಾನು ಮನೆ ಮಟ್ಟಿಗೆ, ಕೇಳಿದ ನಾಲ್ಕು ಜನರಿಗೆ ಅಂತ ಕಟ್ಟುವವನು. ಎರಡೆರಡು ಚಾಕು ಕಿಸೆಯಲ್ಲಿ ಹೊತ್ತು ತಿರುಗುವುದು ನನ್ನಿಂದಾಗದು.

ಇನ್ನು ಉಕ್ಕಿನ ವಿಷಯ. ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಚಾಕು ತರಲು ಹೇಳಿದಾಗ ಅವನ ಮೊದಲ ಪ್ರಶ್ನೆಯೇ ಇದು: "ಮಾವಾ, ಶಿರಸಿ ಮಳೆಗೆ ಕಾರ್ಬನ್ ಸ್ಟೀಲ್ ಎಂತಕ್ಕೆ? ತುಕ್ಕು ಹಿಡಿಯದಿಲ್ಯಾ?" ಹಿಡಿಯುತ್ತದೆ, ಯಾರು ಇಲ್ಲ ಅಂದರು? ಆದರೆ ನಮ್ಮ ಮನೆಯಲ್ಲಿ ತುಕ್ಕು ಹಿಡಿಯದ ಕತ್ತಿ ಯಾವುದಿದೆ? ಸೊಪ್ಪು ಕಡಿಯುವ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಆಚಾರಿ ಲಾರಿ ಪ್ಲೇಟು ಕಾಸಿ ಬಡಿದು ಕೊಟ್ಟ ಹೆಗ್ಗತ್ತಿ, ಎಲ್ಲವೂ ಇದೇ ಜಾತಿಯ ಉಕ್ಕು. ಅಜ್ಜನ ಕಾಲದಿಂದ ಮಳೆಯಲ್ಲೇ ಕೆಲಸ ಮಾಡಿವೆ. ದಿನಾ ಕೈಗೆ ಬರುವ ಕತ್ತಿಗೆ ತುಕ್ಕು ಹತ್ತುವುದು ಕಡಿಮೆ. ಅಟ್ಟದಲ್ಲಿ ಬಿದ್ದಿರುವುದಕ್ಕೆ ಹತ್ತುತ್ತದೆ.

ಇಂಥ ಕಾರ್ಬನ್ ಉಕ್ಕುಗಳಲ್ಲಿ ಒಂದಾದ 1095ರಲ್ಲಿ ಇಂಗಾಲ ಹೆಚ್ಚುಕಡಿಮೆ 0.95 ಶೇಕಡಾ. ಸ್ಟೇನ್‌ಲೆಸ್‌ಗೆ ತುಕ್ಕು ತಡೆಯುವ ಶಕ್ತಿ ಕೊಡುವ ಕ್ರೋಮಿಯಂ ಇದರಲ್ಲಿ ಇಲ್ಲವೆಂದೇ ಹೇಳಬೇಕು. ಲಾಭ ಏನಪ್ಪಾ ಅಂದರೆ, ಮನೆಯ ಮಾಮೂಲಿ ಸಾಣೆಕಲ್ಲಿಗೆ ಬೇಗ ಬಗ್ಗುತ್ತದೆ. ಕಲ್ಲಿಗೆ ನೀರು ಹಾಕಿ ಹತ್ತಿಪ್ಪತ್ತು ಸಲ ಎಳೆದರೆ ಆಚೆ ಬದಿಯಲ್ಲಿ ಕೂದಲೆಳೆಯಷ್ಟು ತರಿ ಬೆರಳಿಗೆ ಸಿಗುತ್ತದೆ. ಮಗ್ಗುಲು ಬದಲಿಸಿ ಅದನ್ನು ತೆಗೆದು, ಹಳೆಯ ಚರ್ಮದ ಬೆಲ್ಟಿನ ಮೇಲೆ ನಾಲ್ಕು ಸಲ ಹಿಮ್ಮುಖ ಎಳೆದರೆ ಮುಗಿಯಿತು. ಕಸಿ ನಡುವೆ ಜಗಲಿಯಲ್ಲೇ ಕೂತು ಮಾಡಿಕೊಳ್ಳಬಹುದು.

ಹೊಸ ಅಲಗಿನ ಬಿಳಿ ಹೊಳಪು ಮಾತ್ರ ಬೇಗ ಹೋಗುತ್ತದೆ. ಮಾವಿನ ಸೊನೆ ತಾಗಿದಲ್ಲಿ ನೀಲಿ ಬಣ್ಣ, ಹುಳಿ ಮುರುಗಲು ಹಣ್ಣು ಕೊಯ್ದರೆ ಬೂದು. ಹಸಿ ಅಡಿಕೆಯದ್ದು ಎಲ್ಲಕ್ಕಿಂತ ಜೋರು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ಸೇರಿ ಕಡುಗಪ್ಪಾಗುತ್ತದೆ. ಈ ಕಪ್ಪು ಬೇರೆ, ಕೆಂಪು ತುಕ್ಕು ಬೇರೆ. ಕಪ್ಪು ಮೈಮೇಲೆ ತೆಳ್ಳಗೆ ಕೂತು ಕೆಂಪು ತುಕ್ಕನ್ನು ಒಂದಿಷ್ಟು ದೂರ ಇಡುತ್ತದೆ. ಕೆಂಪು ಒಳಗೆ ತಿನ್ನುತ್ತದೆ. ನನ್ನ ಹೆಂಡತಿ ಒಮ್ಮೆ ನೋಡಿ, "ಎಂತಾ ಕಪ್ಪಾಯ್ದು ಇದು! ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಡ್ಲಾ?" ಅಂದಳು. ದೇವರ ದೀಪದ ಜೊತೆ ಅದೂ ಫಳಫಳ ಆಗುವುದರೊಳಗೆ ಕಿಸೆಗೆ ಹಾಕಿಕೊಂಡೆ.

ತುಕ್ಕಿನ ನಿಜವಾದ ಜಾಗ ಅಲಗಲ್ಲ, ಕೀಲು. ಅಲ್ಲಿ ನೀರು ಹೋದರೆ ಕಣ್ಣಿಗೆ ಕಾಣುವುದಿಲ್ಲ. ಮಳೆಯಲ್ಲಿ ನೆನೆದ ದಿನ ಮೂರೂ ಅಲಗು ಬಿಚ್ಚಿ ಒರೆಸಿ, ಒಲೆಯ ಹತ್ತಿರ ಸ್ವಲ್ಪ ಹೊತ್ತು ಇಡುತ್ತೇನೆ. ಒಲೆಯ ಮೇಲಲ್ಲ. ಕೀಲಿಗೆ ಹೊಲಿಗೆ ಮಿಶನ್ ಎಣ್ಣೆ ಒಂದು ತೊಟ್ಟು. ಕೊಬ್ಬರಿ ಎಣ್ಣೆ ಅಲಗಿಗೆ ಅಡ್ಡಿಲ್ಲ, ಆ ಚಾಕುವಿನಲ್ಲಿ ಹಣ್ಣು ಕೊಯ್ದು ತಿನ್ನಲೂಬಹುದು. ಕೀಲಿಗೆ ಬೇಡ. ನಮ್ಮ ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು.

ಯಾವ ಚಾಕು ಅಂತ ನೋಡುವಾಗ ಮೂರು ಹೆಸರು ಮುಂದಿದ್ದವು. ಪೆನ್ಸಿಲ್ವೇನಿಯದ ಟೈಟಸ್‌ವಿಲ್‌ನ ಗ್ರೇಟ್ ಈಸ್ಟರ್ನ್ ಕಟ್ಲರಿಯವರು 1095 ಉಕ್ಕಿನಲ್ಲೇ ಬಹಳ ಚೆಂದ ಮಾಡುತ್ತಾರೆ. ಚೆಂದ ಜಾಸ್ತಿಯಾಗಿ ತೋಟಕ್ಕೆ ತೆಗೆದುಕೊಂಡು ಹೋಗಲು ಮನಸ್ಸು ಬರಲಿಕ್ಕಿಲ್ಲ ಅಂತ ಬಿಟ್ಟೆ. ಶ್ರೇಡ್‌ನ ಓಲ್ಡ್ ಟೈಮರ್ 8ಓಟಿ ಹಳೆಯದು ಸಿಕ್ಕರೆ ಒಳ್ಳೆಯದೇ, ಅವು ಹೆಚ್ಚಿನವು ಕಾರ್ಬನ್. ಆದರೆ ಆ ಕಾರ್ಖಾನೆ 2004ರಲ್ಲಿ ಮುಚ್ಚಿತು. ಆಮೇಲೆ ಅದೇ ಹೆಸರಿನಲ್ಲಿ ಚೀನಾದಿಂದ ಬಂದದ್ದು ಸ್ಟೇನ್‌ಲೆಸ್. ಹೆಸರು ನೋಡಿ ಕೊಂಡರೆ ಕಷ್ಟ.

ಕೊನೆಗೆ ಕೇಸ್ ಕಂಪನಿಯ ಮಧ್ಯಮ ಸ್ಟಾಕ್‌ಮನ್ ತರಿಸಿದೆ. ಮಡಚಿದರೆ 3⅝ ಇಂಚು, ಸುಮಾರು ಒಂಬತ್ತು ಸೆಂಟಿಮೀಟರ್. ನಂಬರು 3318 ಸಿವಿ. ಅವರ ನಂಬರಿಗೆ ಒಂದು ಲೆಕ್ಕವಿದೆ. ಮೊದಲ 3 ಅಂದರೆ ಹಳದಿ ಹಿಡಿ, ಎರಡನೆಯ 3 ಅಂದರೆ ಮೂರು ಅಲಗು, 18 ಅಂದರೆ ಮಾದರಿ. ಸಿವಿ ಅಂದರೆ ಕ್ರೋಮ್ ವನೇಡಿಯಂ, ಅವರ ಕಾರ್ಬನ್ ಉಕ್ಕು. ಹೆಸರಲ್ಲಿ ಕ್ರೋಮ್ ಇದೆ ಅಂತ ಮೋಸ ಹೋಗಬೇಡಿ, ಇದೂ ತುಕ್ಕು ಹಿಡಿಯುತ್ತದೆ. ಅದೇ ಕಂಪನಿಯ ಟ್ರೂ ಶಾರ್ಪ್ ಅಂದರೆ ಸ್ಟೇನ್‌ಲೆಸ್. ಪೆಟ್ಟಿಗೆಯ ಮೇಲೆ ಯಾವುದು ಬರೆದಿದೆ ಅಂತ ಓದಿಯೇ ದುಡ್ಡು ಕೊಡಬೇಕು.

ಹಳದಿ ಪ್ಲಾಸ್ಟಿಕ್ ಹಿಡಿ ನೋಡಲು ಅಷ್ಟೇನಿಲ್ಲ. ಮೂಳೆಯ ಹಿಡಿ ಎಷ್ಟೋ ಚೆಂದ. ಆದರೆ ಕಂದು ಬಣ್ಣದ ಚಾಕು ದರಕಿನಲ್ಲಿ, ಅಂದರೆ ಒಣ ಎಲೆಯಲ್ಲಿ, ಬಿದ್ದರೆ ಮುಂದಿನ ವರ್ಷ ಗೊಬ್ಬರದ ಜೊತೆ ಸಿಗುತ್ತದೆ ಅಷ್ಟೆ. ಹಳದಿ ದೂರದಿಂದಲೇ ಕಾಣುತ್ತದೆ. ಹಣ್ಣಡಿಕೆ ಉದುರುವ ಕಾಲದಲ್ಲಿ ಮಾತ್ರ ಸ್ವಲ್ಪ ಬಗ್ಗಿ ಹುಡುಕಬೇಕು.

ಕೈಗೆ ಬಂದಾಗ ನೋಡಬೇಕಾದದ್ದು ಇಷ್ಟು. ಮಡಚಿದ ಚಾಕುವಿನ ಬೆನ್ನನ್ನು ಬೆಳಕಿಗೆ ಹಿಡಿಯಿರಿ, ಸ್ಪ್ರಿಂಗಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಬೆಳಕು ತೂರಬಾರದು. ಅಲಗು ಬಿಚ್ಚಿ ಎಡಬಲ ಅಲ್ಲಾಡಿಸಿ. ಮೂರು ಅಲಗಿಗೆ ಸಾಮಾನ್ಯವಾಗಿ ಎರಡೇ ಸ್ಪ್ರಿಂಗು, ಒಳಗೆ ಜಾಗ ಇಕ್ಕಟ್ಟು, ಒಂದಕ್ಕೊಂದು ಉಜ್ಜದಿರಲಿ ಅಂತ ಅಲಗನ್ನು ಚೂರು ವಾಲಿಸಿರುತ್ತಾರೆ. ಹಾಗಾಗಿ ಒಂದು ಅಲಗು ಸೊಟ್ಟ ಕಂಡರೆ ಗಾಬರಿ ಬೇಡ, ಉಜ್ಜಿದ ಗೀರು ಕಂಡರೆ ಬೇಡ ಅನ್ನಿ. ಮಡಚುವಾಗ ಪಟ್ ಅಂತ ಬಿಟ್ಟರೆ ಬಾಯಿ ಒಳಗೆ ಸ್ಪ್ರಿಂಗಿಗೆ ಬಡಿದು ಕಚ್ಚು ಬೀಳಬಹುದು, ಅದನ್ನೂ ನೋಡಿ. ಉಗುರಿನಿಂದ ಬಿಚ್ಚಲು ಬರಬೇಕು, ಒದ್ದೆ ಕೈಯಲ್ಲೂ. ಮತ್ತೆ ಇದಕ್ಕೆ ಲಾಕ್ ಇಲ್ಲ. ಅಲಗನ್ನು ತಡೆದು ನಿಲ್ಲಿಸುವುದು ಸ್ಪ್ರಿಂಗಿನ ಬಿಗಿ ಮಾತ್ರ. ಚುಚ್ಚುವುದು, ಮೀಟುವುದು ಮಾಡಿದರೆ ಬೆರಳ ಮೇಲೇ ಮಡಚಿಕೊಳ್ಳುತ್ತದೆ.

ಕಾರವಾರದ ಗೆಳೆಯನೊಬ್ಬ ಇದನ್ನು ನೋಡಿ ತನಗೂ ಇಂಥದ್ದೇ ಬೇಕು ಅಂದ. ಅವನ ಮನೆ ಸಮುದ್ರದ ಪಕ್ಕ, ದಿನದ ಅರ್ಧ ಬೈತಖೋಲ್ ಬಂದರಿನಲ್ಲಿ, ಬಲೆ, ಹಗ್ಗ, ಉಪ್ಪು ನೀರು. ಅವನಿಗೆ ಕಾರ್ಬನ್ ಬೇಡ ಅಂತ ಖಡಕ್ಕಾಗಿ ಹೇಳಿದೆ. ಘಟ್ಟದ ಮೇಲಿನ ಮಳೆನೀರನ್ನು ಒರೆಸಿದರೆ ಆಯಿತು. ಉಪ್ಪುಗಾಳಿ ಕಿಸೆಯೊಳಗೂ ಬಿಡುವುದಿಲ್ಲ. ಬಕ್ ಕಂಪನಿಯ 301 ಇದೇ ಮೂರು ಅಲಗಿನ ಮಾದರಿ, ಉಕ್ಕು 420ಎಚ್‌ಸಿ ಸ್ಟೇನ್‌ಲೆಸ್, ಅದನ್ನು ತರಿಸು ಅಂದೆ. "ನಿಂಗೊಂದು, ನಂಗೊಂದಾ?" ಅಂತ ಮುಖ ಸಣ್ಣ ಮಾಡಿಕೊಂಡ. ನಮ್ಮ ಹುಡುಗ ಮುಂದಿನ ಸಲ ಬರುವಾಗ ಅದೂ ಬರುತ್ತದೆ. ಚೆಕ್-ಇನ್ ಬ್ಯಾಗಿನಲ್ಲೇ ಹಾಕು, ಕೈಚೀಲದಲ್ಲಿ ಇಟ್ಟರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ ಅಂತ ಈಗಲೇ ಹೇಳಿಟ್ಟಿದ್ದೇನೆ.